ಒಂದು ಕೋಣೆಯ ಮನೆಗೆ ಹಟ್ಟಿಯೆಲ್ಲ ಹೋದದ್ದು

ನಮ್ಮ ಮನೆಯವರು ಒಂದು ಸೂಜಿ ಕೊಳ್ಳಲು ಹೋದರೂ ದಾರಿಯಲ್ಲಿ ಏನಾದರೊಂದು ಆಗಿಯೇ ತೀರುತ್ತದೆ. ಹಾಗಿರುವಾಗ ಮನೆ ಕೊಳ್ಳಲು ಹೊರಟರೆ ಸುಮ್ಮನೆ ಮುಗಿಯುತ್ತದೆಯೇ?

ನನ್ನ ಮೊಮ್ಮಗಳು ಊಟಿಯಲ್ಲಿ ಮಾರ್ಕೆಟ್ಟಿನ ಹತ್ತಿರದ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅಂಗಡಿ ಮುಚ್ಚಿ, ಬಸ್ಸು ಹಿಡಿದು, ನಮ್ಮ ಹಟ್ಟಿಯ, ಅಂದರೆ ನಮ್ಮ ಹಳ್ಳಿಯ, ಸ್ಟಾಪಿನಲ್ಲಿ ಇಳಿಯುವಷ್ಟರಲ್ಲಿ ಕತ್ತಲೆ. ಅಲ್ಲಿಂದ ಮನೆಯವರೆಗೆ ಟೀ ತೋಟದ ನಡುವಿನ ದಾರಿ. ಆ ದಾರಿ ಈಗೀಗ ನಮ್ಮದಲ್ಲ, ಕಾಡೆಮ್ಮೆಗಳದ್ದು. ಒಂದು ದಿನ ಎರಡು ಕಾಡೆಮ್ಮೆ ದಾರಿಗೆ ಅಡ್ಡ ನಿಂತಿದ್ದಕ್ಕೆ ಹುಡುಗಿ ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಹತ್ತಿ ನಿಂತಿದ್ದಳು. ನಾನು ಟಾರ್ಚು ಹಿಡಿದು ಬಾಗಿಲಲ್ಲಿ. ಅವಳು ಬರುವಷ್ಟರಲ್ಲಿ ಟಾರ್ಚಿನ ಸೆಲ್ಲು ಮುಗಿದಿತ್ತು.

ಅಂದಿನಿಂದ ನನ್ನದು ಒಂದೇ ರಾಗ, "ಊಟಿಯಲ್ಲೇ ಒಂದು ಮನೆ ಮಾಡಿಕೋ." ಅವಳದೂ ಒಂದೇ ಮಾತು, "ನೀನೂ ಬಂದರೆ ಮಾಡ್ತೀನಿ, ಹೆತ್ತೆ." ನಮ್ಮಲ್ಲಿ ಅಜ್ಜಿಯನ್ನು ಹೆತ್ತೆ ಅನ್ನುತ್ತಾರೆ. ಅವಳ ಅಪ್ಪ ಅಮ್ಮ ತೋಟ ಬಿಟ್ಟು ಬರುವ ಹಾಗಿಲ್ಲ. ಸರಿ, ನಾನೇ ಬರುತ್ತೇನೆ ಅಂದೆ. ಅಂದಮೇಲೆ ನನ್ನ ನಿದ್ದೆ ಹಾರಿಹೋಯಿತು.

ಮೂರನೇ ಮಹಡಿ

ಅವಳಿಗೆ ಎಟಕುವಂಥ ಮನೆ ಮಾರ್ಕೆಟ್ಟಿನ ಹಿಂದಿನ ಸಂದಿಯಲ್ಲಿ ಸಿಕ್ಕಿತು. ಗೋಡೆಗೆ ಗೋಡೆ ಅಂಟಿಕೊಂಡ ಕಟ್ಟಡಗಳು. ಒಬ್ಬರ ಮನೆಯಲ್ಲಿ ಒಗ್ಗರಣೆ ಹಾಕಿದರೆ ಇನ್ನೊಬ್ಬರ ಮನೆಯಲ್ಲಿ ಸೀನು. "ಒಂದೇ ಕೋಣೆ ಹೆತ್ತೆ, ಅದರಲ್ಲೇ ಎಲ್ಲ. ಮೂರನೇ ಮಹಡಿ. ನೀನು ಹೋಗಿ ನೋಡ್ತಿರು, ನಾನು ಅಂಗಡಿಯಿಂದ ಬರ್ತೀನಿ" ಅಂದಳು.

ಹೋದೆ. ರಸ್ತೆಯಿಂದ ನೋಡಿದರೆ ಒಂದು ಟೈಲರ್ ಅಂಗಡಿ, ಅದರ ಮೇಲೆ ತಾರಸಿ, ಅಷ್ಟೇ. ಮೂರನೇ ಮಹಡಿ ಎಲ್ಲಿ? ಮೆಟ್ಟಿಲು ಕಂಡಿತು, ಹತ್ತಿದೆ. ತಾರಸಿಯ ಮೇಲೆ ಬಟ್ಟೆ ಒಣಗಿಸುವ ಹಗ್ಗ, ಮೂಲೆಯಲ್ಲಿ ಕರೀ ಪ್ಲಾಸ್ಟಿಕ್ಕಿನ ದೊಡ್ಡ ತೊಟ್ಟಿ. ಬೇರೇನೂ ಇಲ್ಲ. ಅಗ್ಗದ ಮನೆ ಅಂದಿದ್ದಳು, ಚಿಕ್ಕದು ಅಂದಿದ್ದಳು, ಒಂದೇ ಕೋಣೆ ಅಂದಿದ್ದಳು. ಆದರೂ ಇಷ್ಟು ಚಿಕ್ಕದೇ?

ಬಟ್ಟೆ ಒಣಗಿಸುತ್ತಿದ್ದ ಹೆಂಗಸು, "ಯಾರನ್ನು ಹುಡುಕ್ತಿದೀರಿ ಪಾಟಿ?" ಅಂತ ಕೇಳಿದಳು. ತಮಿಳಿನಲ್ಲಿ ಪಾಟಿ ಅಂದರೆ ಅಜ್ಜಿ.

"ಯಾರನ್ನೂ ಇಲ್ಲಮ್ಮ. ಮೊಮ್ಮಗಳು ಕೊಳ್ಳುವ ಮನೆ ನೋಡ್ತಿದೀನಿ. ಇದಕ್ಕೆ ಬಾಗಿಲು ಯಾವ ಕಡೆ?"

ಅಷ್ಟರಲ್ಲಿ ಮೊಮ್ಮಗಳು ಏದುಸಿರು ಬಿಡುತ್ತ ಬಂದು ನನ್ನ ಕೈ ಹಿಡಿದಳು. ಕಟ್ಟಡ ನಿಂತಿರುವುದು ಇಳಿಜಾರಿನಲ್ಲಿ. ರಸ್ತೆ ಇರುವುದು ತುದಿಯಲ್ಲಿ. ಮಹಡಿಗಳೆಲ್ಲ ರಸ್ತೆಯಿಂದ ಕೆಳಗೆ. "ಇಲ್ಲಿ ಮನೆಗೆ ಹತ್ತಿ ಹೋಗೋದಲ್ಲ ಹೆತ್ತೆ, ಇಳಿದು ಹೋಗೋದು" ಅಂದಳು.

"ಮೊದಲೇ ಹೇಳಬಾರದೇನೇ? ಒಲೆ ಎಲ್ಲಿಡೋದು ಅಂತ ಆ ತೊಟ್ಟಿಯ ಮುಚ್ಚಳ ತೆಗೆದು ಇಣುಕಿದ್ದೂ ಆಯ್ತು" ಅಂದೆ.

ನೀರು ಹರಿದ ಕಡೆ

ಮನೆ ಮಾರುತ್ತಿದ್ದವರು ಒಬ್ಬ ವಿಧವೆ, ನನ್ನಷ್ಟೇ ವಯಸ್ಸಿನವರು. ಚಳಿಗೆ ಮಂಡಿ ಹಿಡಿಯುತ್ತದೆ ಅಂತ ಕೊಯಮತ್ತೂರಿಗೆ ಮಗಳ ಹತ್ತಿರ ಹೊರಟಿದ್ದರು. ಅವರದು ತಮಿಳು, ನಮಗೂ ತಮಿಳು ಬಾಯಿಗೆ ಬಂದದ್ದೇ. ಬಾಗಿಲು ತೆಗೆದವರೇ ಹೇಳಿಬಿಟ್ಟರು: "ನೋಡಿ ಅಕ್ಕಾ, ಅಕ್ಕಪಕ್ಕದವರ ಜೊತೆ ಇಷ್ಟು ಕಾಲ ಒಂದು ಮಾತಿಲ್ಲದೆ ಬಾಳಿದ್ದೀನಿ. ಸದ್ದುಗದ್ದಲ ಇಲ್ಲದವರಿಗೆ ಮಾತ್ರ ಈ ಮನೆ ಕೊಡೋದು."

"ನಮ್ಮಷ್ಟು ಸದ್ದಿಲ್ಲದವರು ಬೆಟ್ಟದಲ್ಲೇ ಇಲ್ಲಮ್ಮ" ಅಂದೆ.

ಮನೆ ಚೆನ್ನಾಗಿತ್ತು. ಕಿಟಕಿಯಲ್ಲಿ ಬಿಸಿಲಿತ್ತು. ನನಗೋ ಒಂದೇ ಚಿಂತೆ: ಇಳಿಜಾರು, ಮಳೆಗಾಲ, ಮಣ್ಣು ಕುಸಿದರೆ ಹುಡುಗಿಯ ಗತಿ? ನಮ್ಮ ಕಡೆ ಮನೆಗೆ ಜಾಗ ನೋಡುವಾಗ ಒಂದು ಕೊಡ ನೀರು ಸುರಿದು ಅದು ಯಾವ ಕಡೆಗೆ ಹೋಗುತ್ತದೆ ಅಂತ ನೋಡುತ್ತಾರೆ. ಆ ಅಮ್ಮ ಟೀ ಮಾಡಲು ಒಲೆಯ ಕಡೆ ತಿರುಗಿದರು, ಮೊಮ್ಮಗಳು ಕಿಟಕಿಯ ಕಡೆ ತಿರುಗಿದಳು. ಬಾಗಿಲ ಹತ್ತಿರ ಒಂದು ಬಕೆಟ್ ನೀರಿತ್ತು. ಸುರಿದೇಬಿಟ್ಟೆ.

ಮಣ್ಣಾದರೆ ಕುಡಿಯುತ್ತದೆ, ಟೈಲ್ಸು ಕುಡಿಯುತ್ತದೆಯೇ? ನೀರು ಒಂದು ಗಳಿಗೆ ಯೋಚನೆ ಮಾಡಿ, ಬಾಗಿಲ ಕೆಳಗೆ ನುಸುಳಿ, ಪಡಸಾಲೆ ದಾಟಿ ಎದುರು ಮನೆಗೆ ಹೋಯಿತು. ಆ ಮನೆಯ ಯಜಮಾನರು ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದರಂತೆ. ನೆನೆದ ಬನಿಯನ್ ಹಿಂಡುತ್ತ ಹೊರಗೆ ಬಂದರು.

ಮೊಮ್ಮಗಳು ನೆಲ ಒರೆಸುತ್ತ ಹಲ್ಲು ಕಚ್ಚಿ ಕೇಳಿದಳು, "ಏನು ಗೊತ್ತಾಯ್ತು ಹೆತ್ತೆ?"

"ಮನೆ ಗಟ್ಟಿ ಇದೆ. ನೀರು ನಮ್ಮಲ್ಲಿ ನಿಲ್ಲೋದಿಲ್ಲ" ಅಂದೆ.

ಬಿಳಿ ಬಟ್ಟೆಯವರು

ಆ ಅಮ್ಮ ಆಮೇಲೆ ಫೋನಿನಲ್ಲಿ ಹೇಳಿದರು, ಇನ್ನೊಂದು ಜೋಡಿ ಗಂಡ ಹೆಂಡತಿ ಬಂದು ಮನೆ ನೋಡಿದ್ದಾರೆ, ಜೋರಾಗಿ ಉಸಿರೂ ಬಿಡುವವರಲ್ಲ, ಅಂತ. ಮೊಮ್ಮಗಳ ಮುಖ ಇಷ್ಟೇ ಆಯಿತು. ಊಟಿಯಲ್ಲಿ ಇಂಥ ಮನೆ ಇನ್ನೊಂದು ಸಿಗುವ ಹಾಗಿಲ್ಲ. "ಇನ್ನೊಂದು ಸಲ ಹೋಗಿ ಬರೋಣ. ನಿಧಾನವಾಗಿ, ಮರ್ಯಾದೆಯಾಗಿ" ಅಂದಳು.

ಮರ್ಯಾದೆ ಅಂದಮೇಲೆ ಊರ ಗೌಡರಿಗೆ ಹೇಳದೆ ಆಗುತ್ತದೆಯೇ? ನಮ್ಮ ಹಟ್ಟಿಯ ಗೌಡರೆಂದರೆ ನನ್ನ ಮೈದುನನೇ. "ನೀವೊಬ್ಬರೇ ಬಂದರೆ ಸಾಕು" ಅಂದೆ. ಒಬ್ಬರೇ ಬರುವುದು ನಮ್ಮ ಹಟ್ಟಿಯವರಿಗೆ ಹುಟ್ಟಿನಿಂದ ಗೊತ್ತಿಲ್ಲ. ಬೆಳಿಗ್ಗೆ ನೋಡಿದರೆ ಜೀಪು ತುಂಬಿ, ಹಿಂದಿನ ಬಾಗಿಲಲ್ಲೂ ಇಬ್ಬರು ಜೋತಾಡುತ್ತಿದ್ದರು.

ದೊಡ್ಡವರೆಲ್ಲ ಬಿಳಿ ಉಟ್ಟಿದ್ದರು. ಗಂಡಸರಿಗೆ ಬಿಳಿ ಪೇಟ, ಹೆಂಗಸರಿಗೆ ಬಿಳಿ ತಲೆಬಟ್ಟೆ. ನಮ್ಮಲ್ಲಿ ಮರ್ಯಾದೆಯ ಉಡುಗೆ ಅದೇ. ಮೆಟ್ಟಿಲಲ್ಲಿ ಸಾಲಾಗಿ, ಮಾತಿಲ್ಲದೆ, ಚಪ್ಪಲಿ ಬಿಟ್ಟು ಇಳಿದೆವು. ಎರಡನೇ ಮಹಡಿಯ ಬಾಗಿಲಲ್ಲಿ ನಿಂತಿದ್ದವರು ತಲೆ ತಗ್ಗಿಸಿ, "ಅಯ್ಯೋ, ಕೆಳಗಿನ ಅಮ್ಮ ನಿನ್ನೆ ಚೆನ್ನಾಗಿದ್ದರಲ್ಲ. ಎಷ್ಟೊತ್ತಿಗೆ ಎತ್ತುತ್ತೀರಿ?" ಅಂದರು.

ಗೌಡರಿಗೆ ಏನು ಅರ್ಥವಾಯಿತೋ, "ರಾಹುಕಾಲ ನೋಡೋದಿಲ್ಲ, ಗುಳಿಕಕಾಲ ನೋಡೋದಿಲ್ಲ. ಇವತ್ತೇ ಮಾತು ಮುಗಿಸ್ತೀವಿ" ಅಂದರು.

ಒಳಗೆ ನಿಲ್ಲಲು ಜಾಗವಿಲ್ಲ. ಗೌಡರು ನೆಲ ನೋಡಿ, "ಇದರ ಕೆಳಗೆ ಮಣ್ಣಿದೆಯೋ?" ಅಂದರು. ಕೆಳಗೆ ಇನ್ನೊಂದು ಸಂಸಾರ ಇದೆ ಅಂದಳು ಮೊಮ್ಮಗಳು. ಎಲ್ಲರಿಗೂ ಗಾಬರಿಯಾಯಿತು. ಹುಡುಗಿ ಗಾಳಿಯಲ್ಲಿ ಮಲಗಬೇಕೇ? ನೆಲ ತಡೆಯುತ್ತದೆಯೋ ನೋಡೋಣ ಅಂತ ಗೌಡರು ಒಂದು ಹೆಜ್ಜೆ ಕುಟ್ಟಿದರು. ಪಕ್ಕದವರೂ ಕುಟ್ಟಿದರು. ನಮ್ಮವರಿಗೆ ನಾಲ್ಕು ಜನ ಒಟ್ಟಿಗೆ ಹೆಜ್ಜೆ ಹಾಕಿದರೆ ಸುತ್ತು ತಿರುಗುವುದು ತಾನಾಗಿ ಬರುತ್ತದೆ. ಕೋಣೆಯ ನಡುವೆ ಹಟ್ಟಿಯ ಕುಣಿತ ಶುರುವಾಯಿತು.

ಕೆಳಗಿನ ಮನೆಯವರು ಮಗು ಎತ್ತಿಕೊಂಡು, ಕಂಕುಳಲ್ಲಿ ಟಿವಿ ಇಟ್ಟುಕೊಂಡು ಮೇಲೆ ಓಡಿ ಬಂದರು. "ಗುಡ್ಡ ಜಾರ್ತಾ ಇದೆ, ಎಲ್ಲರೂ ಹೊರಗೆ ಬನ್ನಿ" ಅಂತ ಕೂಗಿದರು.

ಗೌಡರು ಅವರ ಬೆನ್ನು ತಟ್ಟಿ, "ಏನೂ ಹೆದರಬೇಡಿ, ನಿಮ್ಮ ಸೂರು ಭದ್ರವಾಗಿದೆ. ನಾವೇ ನೋಡಿದ್ದೀವಿ" ಅಂದರು.

ಒಳಗಿನ ಬಾಗಿಲು

ಆ ಅಮ್ಮನ ಮುಖ ಬಿಗಿದುಕೊಂಡಿತ್ತು. "ಎಲ್ಲರೂ ಹೊರಡಿ. ನಾಳೆ ಫೋನ್ ಮಾಡ್ತೀನಿ" ಅಂದರು. ಅವರು ಫೋನ್ ಮಾಡುವುದು ಆ ಗಂಡ ಹೆಂಡತಿಗೆ ಅಂತ ನನಗೂ ಗೊತ್ತಾಯಿತು, ಮೊಮ್ಮಗಳಿಗೂ ಗೊತ್ತಾಯಿತು. ಅವಳು ಕಿಟಕಿಯ ಕಡೆ ತಿರುಗಿ ಕಣ್ಣು ಒರೆಸಿಕೊಂಡಳು. ಸ್ಟಾಪಿನ ಆ ಕಲ್ಲುಬೆಂಚು ನನ್ನ ಕಣ್ಣಮುಂದೆ ಬಂತು.

ಗೌಡರಿಗೆ ಮಾತ್ರ ಇದಾವುದೂ ತಿಳಿಯಲಿಲ್ಲ. ನಮ್ಮ ಹಳೇ ಮನೆಗಳಲ್ಲಿ ಒಳಗೆ ಹಾಲು ಮೊಸರು ಇಡುವ ಒಂದು ಕೋಣೆ ಇರುತ್ತದೆ. ಮನೆಗೆಲ್ಲ ಅದೇ ಪವಿತ್ರ. ಹೆಂಗಸರು ಅದರೊಳಗೆ ಕಾಲಿಡುವ ಹಾಗಿಲ್ಲ. ಯಾವ ಮನೆಗೆ ಹೋದರೂ ಹೊರಡುವ ಮುಂಚೆ ಗೌಡರು ಆ ಬಾಗಿಲಿಗೆ ತಲೆಬಾಗಿಯೇ ಹೊರಡುವುದು. ಈ ಮನೆಯಲ್ಲಿ ಒಳಬಾಗಿಲು ಅಂತ ಇದ್ದದ್ದೇ ಒಂದು. ಅರ್ಧ ತೆರೆದಿತ್ತು. ಹೊರಗೆ ಒಂದು ಜೊತೆ ಚಪ್ಪಲಿ ಬಿಟ್ಟಿತ್ತು. ಒಳಗೆ ದೀಪ, ಬೆಳ್ಳಗೆ ಹೊಳೆಯುವ ಗೋಡೆ, ಬೆಳಗಿದ ಹಿತ್ತಾಳೆ ಚೊಂಬು, ಕರ್ಪೂರದಂಥ ವಾಸನೆ. ಗೌಡರ ಕಣ್ಣಿಗೆ ಪೊರೆ ಬೇರೆ.

ಪೇಟ ತೆಗೆದು ಕಂಕುಳಲ್ಲಿಟ್ಟುಕೊಂಡರು. ಮಂಡಿಯೂರಿ ಹೊಸ್ತಿಲಿಗೆ ಹಣೆ ಹಚ್ಚಿದರು. ಅವರ ಹಿಂದೆ ಉಳಿದ ಗಂಡಸರೂ ಸಾಲಾಗಿ ಬಗ್ಗಿದರು.

ಗೌಡರು ಎದ್ದು ನಿಂತು ಆ ಅಮ್ಮನನ್ನು ಗಂಭೀರವಾಗಿ ಕೇಳಿದರು, "ಹೆಂಗಸರು ಒಳಗೆ ಹೋಗೋದಿಲ್ಲ ತಾನೆ?"

"ಹೋಗದೆ? ಬೆಳಗಾದರೆ ಮೊದಲು ನಾನೇ ಹೋಗೋದು."

ಗೌಡರ ಮುಖ ಸಪ್ಪಗಾಯಿತು. "ಸ್ನಾನ ಮಾಡಿಕೊಂಡು ತಾನೆ?"

"ಒಳಗೆ ಹೋಗಿ, ಆಮೇಲೆ ಸ್ನಾನ."

ಮೊಮ್ಮಗಳು ಓಡಿ ಬಂದು ಗೌಡರ ಕಿವಿಯಲ್ಲಿ ಅದು ಏನು ಅಂತ ಹೇಳಿದಳು. ಗೌಡರು ಮೆಲ್ಲಗೆ ಪೇಟ ಇಟ್ಟುಕೊಂಡರು. ನಾನು ನೆಲ ನೋಡುತ್ತ ನಿಂತೆ.

ಮೊದಲು ಆ ಅಮ್ಮನ ಹೆಗಲು ಅಲುಗಿತು. ಆಮೇಲೆ ಸೆರಗು ಬಾಯಿಗೆ ಹೋಯಿತು. ಆಮೇಲೆ ಅವರು ಮಂಚದ ಮೇಲೆ ಕುಸಿದು ಕೂತು, ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡರು. "ಮದುವೆಯಾಗಿ ಬಂದ ದಿನದಿಂದ ಅದನ್ನು ದಿನಾ ಉಜ್ಜಿದ್ದೀನಿ ಅಕ್ಕಾ. ಗಂಡ ಒಂದು ದಿನ ಚೆನ್ನಾಗಿದೆ ಅನ್ನಲಿಲ್ಲ. ಮಕ್ಕಳೂ ಅನ್ನಲಿಲ್ಲ. ಇವತ್ತು ಊರ ದೊಡ್ಡವರು ಬಂದು ಅಡ್ಡಬಿದ್ದರು. ಇನ್ನು ಬೇರೆಯವರಿಗೆ ಯಾವ ಬಾಯಿಂದ ಕೊಡಲಿ?"

ಈಗ ಆ ಮನೆಯಲ್ಲಿ ನಾವಿಬ್ಬರೂ ಇದ್ದೇವೆ. ಅಂಗಡಿ ಮುಚ್ಚಿದ ಸದ್ದು ಕೇಳಿ ನಾನು ಅಕ್ಕಿ ತೊಳೆಯುತ್ತೇನೆ. ಅನ್ನ ಆಗುವ ಮುಂಚೆ ಹುಡುಗಿ ಬಾಗಿಲಲ್ಲಿರುತ್ತಾಳೆ. ಗೌಡರು ಊಟಿಗೆ ಬಂದಾಗಲೆಲ್ಲ ಬಂದು ಊಟ ಮಾಡಿ ಹೋಗುತ್ತಾರೆ. ಆದರೆ ಊಟದ ನಡುವೆ ಒಮ್ಮೊಮ್ಮೆ ಎದ್ದು, ಅಷ್ಟೂ ಮೆಟ್ಟಿಲು ಹತ್ತಿ, ಬಸ್‌ಸ್ಟ್ಯಾಂಡಿನ ಕಕ್ಕಸಿನವರೆಗೆ ನಡೆದು ಹೋಗಿ ಬರುತ್ತಾರೆ. "ಇಲ್ಲೇ ಇದೆಯಲ್ಲ, ಯಾಕೆ ಇಷ್ಟು ಕಷ್ಟ?" ಅಂತ ಕೇಳಿದೆ.

"ಒಂದು ಸಲ ಹಣೆ ಹಚ್ಚಿದ ಜಾಗ ಅತ್ತಿಗೆ," ಅಂದರು, "ನನಗೆ ಮನಸ್ಸು ಬರೋದಿಲ್ಲ."