ವಿಮಾನದ ಪರ್ಮಿಟ್ಟಿಗೆ ಮಾವನ ಅರ್ಜಿ

ನಮ್ಮ ಮಾವ ಜೀವಮಾನದಲ್ಲಿ ವಿಮಾನ ಹತ್ತಿದವರಲ್ಲ. ಆದರೆ ಪರದೇಶದ ವಿಮಾನವೊಂದು ಮದ್ರಾಸಿಗೆ ಬಂದಿಳಿಯಲು ತಾವೇ ಕಾರಣ ಎಂದು ಕೊನೆಯವರೆಗೂ ನಂಬಿದ್ದರು! ತಾವು ನಂಬಿದ್ದಲ್ಲದೆ ಶ್ರೀನಿವಾಸಪುರದ ಅರ್ಧ ಊರನ್ನೂ ನಂಬಿಸಿದ್ದರು. ಉಳಿದರ್ಧ ಊರು ಆಗ ಮಾವಿನ ಸುಗ್ಗಿಯಲ್ಲಿತ್ತು, ಪುರುಸೊತ್ತಿದ್ದಿದ್ದರೆ ಅದೂ ನಂಬುತ್ತಿತ್ತು.

ಮಾವ ಎಂದರೆ ನನ್ನ ತಾಯಿಯ ಅಣ್ಣ. ಎಂಬತ್ತರ ದಶಕದ ಮೊದಲಲ್ಲಿ ಆ ಊರಿನ ಹೈಸ್ಕೂಲಿಗೆ ಟೀಚರಾಗಿ ಸೇರಿದ ನಾನು ಅವರ ಮನೆಯಲ್ಲೇ ಇದ್ದೆ. ಖಾಸಗಿ ಬಸ್ಸಿನವರಿಗೆ ರೂಟ್ ಪರ್ಮಿಟ್ಟಿನ ಅರ್ಜಿ ಬರೆದುಕೊಡುವುದು ಅವರ ಕಸುಬು. ಯಾರಾದರೂ ಹೊಸ ಬಸ್ಸು ಬಿಡುತ್ತೇನೆಂದರೆ ಹಳೆಯ ಬಸ್ಸಿನವರು ಸುಮ್ಮನಿರುತ್ತಾರೆಯೇ? ತಕರಾರು ಹಾಕುತ್ತಾರೆ. ಕೋಲಾರದಲ್ಲಿ ವಿಚಾರಣೆ ನಡೆಯುತ್ತದೆ. ನಮ್ಮ ಮಾವ ಅರ್ಜಿಯನ್ನೂ ಬರೆಯುತ್ತಿದ್ದರು, ಅದರ ಮೇಲಿನ ತಕರಾರನ್ನೂ ಬರೆಯುತ್ತಿದ್ದರು!

"ಎರಡೂ ನೀವೇ ಬರೆದ್ರೆ ಹೇಗೆ ಮಾವ?" ಎಂದು ಒಮ್ಮೆ ಕೇಳಿದೆ.

"ಬೇರೆಯೋರು ಬರೆದ್ರೆ ತಪ್ಪು ಬರೀತಾರೆ ಕಣಮ್ಮ."

ಪಕ್ಕದ ಮನೆಯವರು ಬುಟ್ಟಿ ಸಾಬರು. ಮಾವಿನ ಹಣ್ಣು ತುಂಬುವ ಬುಟ್ಟಿಗಳ ವ್ಯಾಪಾರ. ಅವರ ಒಬ್ಬಳೇ ಮಗಳು ಶಮೀಮ್ ಚಿಕ್ಕವಳಿದ್ದಾಗಲೇ ತಾಯಿಯನ್ನು ಕಳೆದುಕೊಂಡು, ಮಕ್ಕಳಿಲ್ಲದ ನಮ್ಮ ಮಾವ–ಅತ್ತೆಯ ಮನೆಯಲ್ಲೇ ಆಡಿ, ಉಂಡು, ಮಗ್ಗಿ ಕಲಿತು ಬೆಳೆದವಳು. ಮದುವೆಯಾಗಿ ಗಂಡನ ಜೊತೆ ಕೊಲ್ಲಿ ದೇಶಕ್ಕೆ ಹೋಗಿ ನಾಲ್ಕು ವರ್ಷವಾಗಿತ್ತು. ಅಲ್ಲೇ ಒಂದು ಮಗುವೂ ಆಗಿತ್ತು. ಗಂಡನಿಗೆ ಗ್ಯಾರೇಜಿನಲ್ಲಿ ರಜೆ ಸಿಗುವುದು ಬೇಸಿಗೆಯಲ್ಲಿ ಮಾತ್ರ. ಎಲ್ಲರಿಗೂ ಆಗಲೇ ರಜೆ! ವಿಮಾನದಲ್ಲಿ ಸೀಟೆಲ್ಲಿ? ಎರಡು ಬೇಸಿಗೆ 'ಬರ್ತೀನಿ' ಎಂದು ಒಂದು ಕಾಗದ ಬಂತು, ಅದರ ಹಿಂದೆಯೇ 'ಟಿಕೆಟ್ ಸಿಗಲಿಲ್ಲ' ಎಂದು ಇನ್ನೊಂದು. ಆ ಇನ್ನೊಂದು ಬಂದ ದಿನ ಸಾಬರು ತಮ್ಮ ಬುಟ್ಟಿ ಮಂಡಿಯ ಬಾಗಿಲು ತೆಗೆಯಲಿಲ್ಲ. ಮಾವ ಹೊಟ್ಟೆ ಸರಿಯಿಲ್ಲ ಎಂದು ಊಟ ಬಿಟ್ಟರು.

ಹೀಗಿರುವಾಗ ಪತ್ರಿಕೆಯ ಮೂಲೆಯಲ್ಲಿ ಒಂದು ಸುದ್ದಿ. ಶಮೀಮ್ ಇದ್ದ ದೇಶದ ವಿಮಾನ ಕಂಪನಿಯೊಂದು ವಾರಕ್ಕೆರಡು ಸಲ ಮದ್ರಾಸಿಗೆ ಹಾರಲು ನಮ್ಮ ಸರ್ಕಾರದ ಅನುಮತಿ ಕೇಳಿದೆ, ಇನ್ನೂ ತೀರ್ಮಾನವಾಗಿಲ್ಲ.

"ಸಾಬ್ರೇ, ಇದು ಪರ್ಮಿಟ್ ಕೇಸು!" ಎಂದು ಮಾವ ಕುರ್ಚಿಯಿಂದ ಎದ್ದೇಬಿಟ್ಟರು.

"ಅರೇ ಭಾಯಿ, ಅದು ವಿಮಾನ. ಬಸ್ಸಲ್ಲ."

"ಚಕ್ರ ಇದೆಯೋ ಇಲ್ವೋ?"

"ಇದೆ."

"ಟಿಕೆಟ್ ಹರೀತಾರೋ ಇಲ್ವೋ?"

"ಹರೀತಾರೆ."

"ಮತ್ತೆ?"

ಮಾವ ನನಗೂ ಪಾಠ ಶುರು ಮಾಡಿದರು. "ಆಂಧ್ರದ ಬಸ್ಸು ಮದನಪಲ್ಲಿಯಿಂದ ರಾಯಲ್ಪಾಡು ದಾಟಿ ಇಲ್ಲಿಗೆ ಬರ್ಬೇಕಾದ್ರೆ ಏನಾಗ್ಬೇಕು? ಮೊದ್ಲು ಎರಡು ರಾಜ್ಯ ಕೂತು ಮಾತಾಡ್ಬೇಕು. ನಿಮ್ದು ಇಷ್ಟು ಟ್ರಿಪ್ಪು, ನಮ್ದು ಇಷ್ಟು ಟ್ರಿಪ್ಪು. ಆಮೇಲೆ ಅವ್ರು, ನಮ್ಮ ಕಡೆಯಿಂದ ಇಂಥ ಬಸ್ಸು ಅಂತ ಹೆಸರು ಕೊಡ್ಬೇಕು. ನಾವು ಅದರ ಫಿಟ್ನೆಸ್ಸು, ಇನ್ಶೂರೆನ್ಸು, ಟೈಮಿಂಗ್ಸು ಎಲ್ಲ ನೋಡಿ ಸೀಲು ಒತ್ಬೇಕು. ಇದೂ ಅಷ್ಟೇ ಕಣಮ್ಮ. ಸ್ವಲ್ಪ ಎತ್ತರದಲ್ಲಿ ನಡಿಯತ್ತೆ, ಅಷ್ಟೇ!"

ಆಮೇಲೆ ತಿಳಿದವರೊಬ್ಬರನ್ನು ವಿಚಾರಿಸಿದೆ. ಏನಾಶ್ಚರ್ಯ! ಮಾವ ಹೇಳಿದ್ದು ಬಹುಪಾಲು ಸರಿಯೇ ಆಗಿತ್ತು. ಎರಡು ದೇಶಗಳ ಒಪ್ಪಂದ, ಆಮೇಲೆ ಕಂಪನಿಯ ಹೆಸರು, ಆಮೇಲೆ ಕಾಗದಪತ್ರ, ವೇಳಾಪಟ್ಟಿ. ಅವರು ತಪ್ಪಿದ್ದು ಒಂದೇ ಕಡೆ. ಬಸ್ಸು ಬೇಕೆಂದು ಊರವರು ಸಹಿ ಹಾಕಿದರೆ ಅದಕ್ಕೊಂದು ಬೆಲೆಯಿರುತ್ತದೆ. ವಿಮಾನದ ವಿಷಯದಲ್ಲಿ ಶ್ರೀನಿವಾಸಪುರದವರನ್ನು ಯಾರು ಕೇಳಬೇಕು? ಆದರೆ ಇದನ್ನು ಮಾವನಿಗೆ ಹೇಳುವ ಧೈರ್ಯ ಯಾರಿಗಿತ್ತು!

ಅರ್ಜಿ ತಯಾರಾಯಿತು. ಇಂಗ್ಲಿಷಿಗೆ ತಿರುಗಿಸುವ ಕೆಲಸ ನನ್ನ ತಲೆಗೆ ಬಿತ್ತು. ಎರಡನೆಯ ಪ್ಯಾರಾದಲ್ಲೇ ನನ್ನ ಪೆನ್ನು ನಿಂತಿತು. 'ಸದರಿ ಮಾರ್ಗದಲ್ಲಿ ಈಗಿರುವ ವಾಹನಗಳು ಸಾಲದೆ ಹೆಂಗಸರು ಮಕ್ಕಳು ನಿಂತೇ ಪ್ರಯಾಣ ಮಾಡುತ್ತಿದ್ದಾರೆ.'

"ಮಾವ, ವಿಮಾನದಲ್ಲಿ ನಿಂತ್ಕೊಳ್ಳೋಕೆ ಬಿಡಲ್ಲ."

"ಬಿಡಲ್ವಾ? ಇನ್ನೂ ಒಳ್ಳೇದಾಯ್ತು! ನಿಂತ್ಕೊಳ್ಳೋಕೂ ಜಾಗ ಇಲ್ಲ ಅಂತ ಬರಿ!"

ಸಹಿ ಸಂಗ್ರಹಕ್ಕೆ ತಾವೇ ಹೊರಟರು. ರಾಯಲ್ಪಾಡಿನ ಕಡೆಯಿಂದ ತಂದ ಹಾಳೆಗಳಲ್ಲಿ ಹೆಬ್ಬೆಟ್ಟಿನ ಗುರುತೇ ಹೆಚ್ಚು. ಎಲ್ಲವನ್ನೂ ಸೇರಿಸಿ, ಕೋರ್ಟ್ ಫೀ ಸ್ಟಾಂಪು ಅಂಟಿಸಿ, ದೆಹಲಿಗೆ ರಿಜಿಸ್ಟರ್ ಮಾಡಿದರು. ವಿಚಾರಣೆಗೆ ಕರೆ ಬರುತ್ತದೆಂದು ಕೋಟನ್ನೂ ಒಗೆಸಿ ಇಸ್ತ್ರಿ ಮಾಡಿಸಿಟ್ಟರು. ಪೋಸ್ಟ್‌ಮನ್ ನಮ್ಮ ಬೀದಿಗೆ ಬರುವುದಕ್ಕೇ ಹೆದರುವಂತಾಯಿತು.

ಮೂರು ತಿಂಗಳಿಗೆ ನಾಲ್ಕೇ ಸಾಲಿನ ಉತ್ತರ ಬಂತು. ಈ ವಿಷಯ ಎರಡು ಸರ್ಕಾರಗಳು ಮಾತಾಡಿ ತೀರ್ಮಾನಿಸತಕ್ಕದ್ದು, ಇದರಲ್ಲಿ ಸಾರ್ವಜನಿಕರ ಅರ್ಜಿಗೆ ಅವಕಾಶವಿಲ್ಲ. ಓದಿ ಹೇಳುವಾಗ ನನಗೆ ಸಂಕಟವಾಯಿತು. ಮಾವನ ಮುಖ ಮಾತ್ರ ಅರಳಿತು!

"ಕೇಳಿದ್ರಾ ಸಾಬ್ರೇ? ಎರಡು ಸರ್ಕಾರ! ಮದನಪಲ್ಲಿ ಬಸ್ಸಿನ ಥರಾನೇ ಅಂತ ನಾನು ಹೇಳ್ಲಿಲ್ವಾ?"

ಆ ಚಳಿಗಾಲದಲ್ಲಿ ಎರಡು ಸರ್ಕಾರಗಳೂ ಒಪ್ಪಿದವು. ಅನುಮತಿ ಸಿಕ್ಕಿತು ಎಂದು ಪತ್ರಿಕೆಯಲ್ಲಿ ಬಂತು. ಕಾಕತಾಳೀಯ ಎಂದು ನೀವೆನ್ನುತ್ತೀರಿ, ನಾನೂ ಎನ್ನುತ್ತೇನೆ. ಮಾವ ಮಾತ್ರ ಊರವರ ಅಭಿನಂದನೆಗಳನ್ನು ಬಹಳ ವಿನಯದಿಂದ ಸ್ವೀಕರಿಸಿದರು. ಅಷ್ಟರಲ್ಲಿ ರಾಯಲ್ಪಾಡಿನಿಂದ ನಾಲ್ಕು ಜನ ರೈತರು ಬಂದು ಜಗಲಿಯ ಮೇಲೆ ಕೂತರು. "ಸ್ವಾಮೀ, ಪರ್ಮಿಟ್ಟು ವಚ್ಚಿಂದಂಟ ಕದಾ! ಮಾ ಬಸ್ಸು ಎಪ್ಪುಡೊಸ್ತುಂದಿ?" ಪರ್ಮಿಟ್ಟು ಬಂತಂತೆ, ತಮ್ಮ ಬಸ್ಸು ಯಾವಾಗ ಬರುತ್ತದೆ ಎಂದು ಕೇಳಲು ಬಂದಿದ್ದರು. ಪಾಪ, ಹೆಬ್ಬೆಟ್ಟು ಒತ್ತಿದ್ದು ಬಸ್ಸಿಗೆಂದೇ! ಅವರಿಗೆ ಕಾಫಿ ಕೊಟ್ಟು, ಸಮಾಧಾನ ಹೇಳಿ, ಮಾವ ಅವತ್ತೇ ಬಸ್ಸಿಗೂ ಒಂದು ಅರ್ಜಿ ಬರೆದರು. ಅದರ ತಕರಾರನ್ನು ಮಾತ್ರ ಬರೆಯಲಿಲ್ಲ.

ಬೇಸಿಗೆಯಲ್ಲಿ ಶಮೀಮಳಿಗೆ ಟಿಕೆಟ್ ಸಿಕ್ಕಿತು. ಸಾಬರು, ಮಾವ, ಅತ್ತೆ, ನಾನು ಟ್ಯಾಕ್ಸಿ ಮಾಡಿಕೊಂಡು ಮದ್ರಾಸಿಗೆ ಹೋದೆವು. ಒಳಗಿನಿಂದ ಅವಳು ಗಂಡನ ಜೊತೆ ಮಗುವನ್ನೆತ್ತಿಕೊಂಡು ಬರುತ್ತಿದ್ದಂತೆ ಸಾಬರು ಮಾವನ ಬೆನ್ನ ಮೇಲೆ ಕೈಯಿಟ್ಟು ಮುಂದಕ್ಕೆ ತಳ್ಳಿದರು. "ನೀನು ಹೋಗು ಭಾಯಿ, ಮೊದ್ಲು ನೀನು." ಅವಳು ಮಗುವನ್ನು ಮಾವನ ಕೈಗೆ ಕೊಟ್ಟು, "ಮಾಮಾ, ಊಟ ಮಾಡಿದ್ರಾ?" ಎಂದಳು. ದೆಹಲಿಗೇ ಕಾಗದ ಬರೆದ ಮಾವ ಮಗುವಿನ ಅಂಗಿಯಲ್ಲಿ ಮುಖ ಮುಚ್ಚಿಕೊಂಡರು. ನನಗೆ ಅಳು ಬಂತು.

ನಲವತ್ತು ದಿನ ಎರಡೂ ಮನೆ ಒಂದೇ ಆಗಿತ್ತು. ಮಗು ಮಾವನ ಕೈಬೆರಳು ಹಿಡಿದುಕೊಂಡು ಊರೆಲ್ಲ ಸುತ್ತಿತು. ಆಮೇಲೆ ಮತ್ತೆ ಅದೇ ಟ್ಯಾಕ್ಸಿ, ಅದೇ ಮದ್ರಾಸು. ವಿಮಾನ ಮೇಲೆದ್ದು, ತಿರುಗಿ, ಸಮುದ್ರದ ಕಡೆ ಸಣ್ಣದಾಯಿತು. ಎಲ್ಲರೂ ಟ್ಯಾಕ್ಸಿ ಹತ್ತಿದರೂ ಮಾವ ಅಲ್ಲೇ ನಿಂತಿದ್ದರು. ಕರೆಯಲು ಹೋದೆ. ನನ್ನ ಕಡೆ ತಿರುಗದೆಯೇ ಹೇಳಿದರು:

"ಅರ್ಜೀಲಿ ತಪ್ಪು ಮಾಡ್ಬಿಟ್ಟೆ ಕಣಮ್ಮ. ಬರೋ ಟ್ರಿಪ್ಪಿಗೆ ಮಾತ್ರ ಪರ್ಮಿಟ್ ಕೇಳ್ಬೇಕಾಗಿತ್ತು."