ಕಂಡಿಕೆ ತಡವಾದ ಕಾರಣ

ಇದನ್ನು ಹೇಳುವುದನ್ನು ಮೂರು ವರ್ಷದಿಂದ ಮುಂದೂಡುತ್ತ ಬಂದಿದ್ದೇನೆ. ಬರೆಯಲು ಕೂತಾಗಲೆಲ್ಲ ಮೊದಲು ಚಹಾ ಆಗಲಿ ಎಂದು ಏಳುತ್ತೇನೆ. ಒಬ್ಬನ ಚಹಾಕ್ಕೆ ಸಕ್ಕರೆ ಎಷ್ಟೆಂಬುದು ಇನ್ನೂ ಕೈಗೆ ಹತ್ತಿಲ್ಲ. ಕುಡಿದು ಮುಗಿಸುವಷ್ಟರಲ್ಲಿ ಧೈರ್ಯವೂ ಮುಗಿದಿರುತ್ತದೆ.

ನಾನು ಬೆಟಗೇರಿಯ ನೇಕಾರ. ಮೆಟ್ರಿಕ್ ಪಾಸಾದ ಸೊಕ್ಕಿನೊಂದಿಗೇ ಮಗ್ಗದ ಕುಣಿಗೆ ಇಳಿದವನು. ನಾನು ನೇಯುವುದು, ಬೆನ್ನ ಹಿಂದೆ ಕೂತು ಹೆಂಡತಿ ರಾಟೆಯಲ್ಲಿ ಕಂಡಿಕೆ ಸುತ್ತುವುದು. ಲಾಳಿಯೊಳಗಿನ ಆ ನೂಲಿನ ಸುರುಳಿ ಬರದಿದ್ದರೆ ಮಗ್ಗ ನಿಂತಂತೆ. ನಮ್ಮಲ್ಲಿ ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ರೂಢಿಯಿಲ್ಲ. ಮದುವೆಯ ದಿನ ಹೆಂಗಸರು ಹೊಸ್ತಿಲಲ್ಲಿ ಅಡ್ಡಗಟ್ಟಿ, "ಹೆಸರು ಹೇಳಿದ್ರಷ್ಟ ಒಳಗ ಬಿಡ್ತೀವಿ" ಎಂದಾಗ ಒಮ್ಮೆ ಹೇಳಿದ್ದೆ, ಅದೂ ಬಾಯೊಳಗೇ. ಆಮೇಲೆ ನಾನು ಅವಳನ್ನು ಕರೆದದ್ದೆಲ್ಲ "ಏ, ಕಂಡಿಕಿ ತಾ!" ಎಂದೇ.

ಅವಳಿಗೆ ಬಿಪಿ ಇತ್ತು. ಗುಳಿಗೆ ತಂದುಕೊಟ್ಟವನು ನಾನೇ, ಬಿಡಿಸಿದವನೂ ನಾನೇ.

"ತಲಿ ನೋಯತೈತೇನ?"

"ಇಲ್ರಿ."

"ಎದಿ?"

"ಇಲ್ರಿ."

"ಮತ್ಯಾಕ ಗುಳಿಗಿ? ಇಲ್ಲದ ಬ್ಯಾನಿಗೆ ಔಷಧ ನುಂಗಿದ್ರ ಬ್ಯಾನಿ ಮನಿ ಹುಡಿಕ್ಕೊಂಡ ಬರತೈತಿ!"

ಆಮೇಲಾಮೇಲೆ ಎರಡು ಕೊಡ ನೀರು ತಂದರೆ ದಮ್ಮು ಹತ್ತಿ ಕೂತುಬಿಡುತ್ತಿದ್ದಳು. ಬಂದವರೆದುರು ನಾನು, "ನಮ್ಮಾಕಿಗೆ ಕೆಲಸ ಅಂದ್ರ ದಮ್ಮು, ಲಕ್ಷ್ಮೇಶ್ವರದ ತಂಗಿ ಮನಿ ಅಂದ್ರ ಕುದುರಿ" ಎನ್ನುತ್ತಿದ್ದೆ. ಅವಳು ನಗುತ್ತಲೇ, "ಕುದುರಿಗೂ ಒಂದೀಟು ನಿಂದ್ರಾಕ ಬಿಡ್ತಾರ್ರಿ" ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ನಾನಂತೂ ನನ್ನ ಮಾತಿಗೇ ನಕ್ಕರು ಎಂದುಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಕಂಡಿಕೆ ಬರಲಿಲ್ಲ. ಬೈಯುತ್ತಲೇ ಕುಣಿಯಿಂದ ಎದ್ದೆ. ತಿರುಗಿ ನೋಡಿದರೆ ರಾಟೆಯ ಮೇಲೆ ಕೈ ಹಾಗೇ ಇತ್ತು, ಉಸಿರು ಇರಲಿಲ್ಲ. ಬೈಗುಳ ಅರ್ಧಕ್ಕೆ ನಿಂತಿತು.

ಮೊನ್ನೆ ಕಣ್ಣಿನ ಪೊರೆ ತೆಗೆಸಲು ಗದಗಿಗೆ ಹೋದರೆ, ಬಿಪಿ ನೋಡಿ ನನ್ನನ್ನು ಎದೆಯ ಡಾಕ್ಟರ ಕಡೆ ಅಟ್ಟಿದರು. ಅವರು ಎದೆಗೆ ತಣ್ಣನೆಯದೇನನ್ನೋ ಸವರಿ, ಟಿವಿಯಂಥದ್ದರಲ್ಲಿ ನನ್ನ ಹೃದಯ ತೋರಿಸಿದರು. ಮೆಟ್ರಿಕ್ಕಿನ ವಿದ್ಯೆಗೆ ಅದು ಮೋಡದಂತೆ ಕಂಡಿತು.

"ಯಜಮಾನ್ರ, ಬಿಪಿ ಹೊತ್ತು ಹೊತ್ತು ಹೃದಯದ ಸ್ನಾಯು ಸೋತೈತಿ."

"ನೋವಽ ಇಲ್ಲಲ್ರಿ!"

"ಅದಽ ಅದರ ಮೋಸ. ಸದ್ದಿಲ್ಲದ ಸೋಲತೈತಿ. ಈಗಽ ಸಿಕ್ಕದ್ದು ಚಲೋ ಆತು. ಗುಳಿಗಿ ತಪ್ಪಸಬ್ಯಾಡ್ರಿ."

ನಾನು ಅವಳ ದಮ್ಮಿನ ಸುದ್ದಿ ಹೇಳಿದೆ. ಅವರು, "ನೋಡದ ಹೃದಯದ ಬಗ್ಗೆ ನಾ ಏನ್ ಹೇಳ್ಲಿ? ತೋರಿಸಬೇಕಿತ್ರಿ" ಎಂದರು.

ಮನೆಗೆ ಬಂದು ಹೊಸ್ತಿಲಲ್ಲಿ ನಿಂತೆ. ಅಡ್ಡಗಟ್ಟುವವರು ಯಾರೂ ಇರಲಿಲ್ಲ. ಆದರೂ ಒಳಗೆ ಹೋಗಲು ಕಾಲು ಬರಲಿಲ್ಲ, ಗಟ್ಟಿಯಾಗಿ ಕರೆದೆ. ಅವಳನ್ನು ಇಪ್ಪತ್ತು ವರ್ಷ 'ಅಕ್ಕಾ' ಎಂದೇ ಕರೆದ ಪಕ್ಕದ ಮನೆಯವಳು ಇಣುಕಿ, "ಯಾರ್ನ ಕರ್ಯಾಕತ್ತೀರಿ ಅಣ್ಣಾ? ಆ ಹೆಸರಿನಾಕಿ ಈ ಓಣ್ಯಾಗ ಯಾರೂ ಇಲ್ಲಲ್ರಿ" ಎಂದಳು.

ತಪ್ಪು ಆಕೆಯದಲ್ಲ. ಆ ಹೆಸರು ನನ್ನ ಬಾಯಿಂದ ಓಣಿಗೆ ಕೇಳಿಸಿದ್ದು ಅದೇ ಮೊದಲು: ಬನಶಂಕರಿ.