‘ಒಪ್ಪಿದೆ’ ಬಟನ್

ಪಾರ್ಸೆಲ್ ಆಫೀಸಿಗೆ ನಮ್ಮ ಪ್ರೋಗ್ರಾಮರ್ ಬರೆದುಕೊಟ್ಟ ಪ್ರೋಗ್ರಾಮು ಗಂಟೆಗೆ ನಾಲ್ಕು ಸಲ ಹ್ಯಾಂಗ್ ಆಗುತ್ತಿತ್ತು. ಅವನೋ, ಮರುದಿನ ಬೆಳಗ್ಗೆ ಹೆಂಡತಿಯೊಡನೆ ಸಮುದ್ರ ನೋಡಲು ಹೊರಟು ನಿಂತವನು.

“ರಿಪೇರಿ ಮಾಡು. ಸಂಜೆ ಐದರೊಳಗೆ ಪಾರ್ಸೆಲ್ ಆಫೀಸಿನವರು ಪರದೆ ಮೇಲಿರೋ ‘ಒಪ್ಪಿದೆ’ ಬಟನ್ ಒತ್ತಿ, ನನಗೆ ಮೆಸೇಜ್ ಬಂದ್ರೆ ರಜೆ. ಇಲ್ಲದಿದ್ರೆ ಇಲ್ಲ,” ಎಂದರು ಮ್ಯಾನೇಜರು.

ಸಮಸ್ಯೆ ಇದು: ಯಾರಾದರೂ ಬಟನ್ ಒತ್ತಿದರೇ ಎಂದು ನೋಡುತ್ತಲೇ ಇರುವುದು ಪರದೆಯ ಕೆಲಸ. ಸಂದೇಶ ಬಂತೇ ಎಂದು ಕಾಯುತ್ತಲೇ ಇರುವುದು ನೆಟ್‌ವರ್ಕಿನದು. ಒಮ್ಮೆ ಶುರುವಾದರೆ ಎರಡಕ್ಕೂ ನಿಂತು ಗೊತ್ತಿಲ್ಲ. ಒಂದೇ ಸ್ಟೀರಿಂಗಿಗೆ ಇಬ್ಬರು ಡ್ರೈವರುಗಳು. ಇವನು ಹೇಗೋ ಸರದಿ ಹಾಕಿದ್ದ. ನೆಟ್‌ವರ್ಕಿನ ಸರದಿಯಲ್ಲಿ ಸಂದೇಶ ತಡವಾದರೆ ಪರದೆ ಕಲ್ಲಾಗುತ್ತಿತ್ತು.

“ನೆಟ್‌ವರ್ಕ್ ಮೊದಲು ಶುರು ಮಾಡೋ,” ಎಂದ ಪಕ್ಕದ ಕುರ್ಚಿಯವನು. ಮಾಡಿದ. ಪರದೆಯೇ ಮೂಡಲಿಲ್ಲ.

“ಅಯ್ಯೋ, ಪರದೇನೇ ಮೊದಲು ಕಣ್ರೀ,” ಎಂದಳು ಎದುರಿನವಳು. ಪರದೆ ಜಗಜಗ ಹೊಳೆಯಿತು. ಒಂದು ಪಾರ್ಸೆಲ್ಲೂ ಕಾಣಲಿಲ್ಲ.

ಕೊನೆಗೆ ಎರಡನ್ನೂ ಒಂದಾಗಿಸುವ ಕೋಡಿನ ಒಂದು ಸಾಲು ಇಂಟರ್‌ನೆಟ್ಟಿನಲ್ಲಿ ಸಿಕ್ಕಿತು. ಅಭ್ಯಾಸಬಲದಿಂದ ಅದನ್ನು ಪ್ರೋಗ್ರಾಮಿನ ಕೆಳಗೆ ಅಂಟಿಸಿದ. ಪರದೆ ತುಂಬ ಕೆಂಪು ಬೈಗುಳ. ‘ಬೇರೆಲ್ಲ ಸಾಲುಗಳಿಗಿಂತ ಮೊದಲು ಬರೆಯಿರಿ’ ಎಂದು ಸೂಚನೆಯಲ್ಲೇ ಇತ್ತು, ಪಾಪ ಓದಿರಲಿಲ್ಲ. ಸಾಲು ಮೇಲೆ ಹೋಯಿತು, ಎಲ್ಲವೂ ನೀರಿನಂತೆ ಹರಿಯಿತು! ಕುಣಿದಾಡುತ್ತಲೇ ಹನ್ನೆರಡಕ್ಕೆ ಕಳಿಸಿಕೊಟ್ಟ.

ನಾಲ್ಕೂವರೆಯಾದರೂ ಒಪ್ಪಿಗೆ ಬರಲಿಲ್ಲ. ಪಾರ್ಸೆಲ್ ಆಫೀಸಿಗೇ ಓಡಿದ.

ಕೌಂಟರಿನ ಮುಖ್ಯಸ್ಥೆ ಮುಖ ಊದಿಸಿಕೊಂಡಿದ್ದರು. “ಒಂದ್ಸಲಾನೂ ಹ್ಯಾಂಗ್ ಆಗ್ಲಿಲ್ಲ.”

“ಥ್ಯಾಂಕ್ಸ್ ಅಕ್ಕಾ!”

“ಥ್ಯಾಂಕ್ಸ್ ಯಾಕಪ್ಪಾ? ಮೊದಲು ಪರದೆ ನಿಂತಾಗೆಲ್ಲ ‘ಸಿಸ್ಟಮ್ ನಿಂತಿದೆ’ ಅಂತ ಹೇಳಿ ಟೀ ಕುಡಿದು ಬರ್ತಿದ್ವಿ. ಮಧ್ಯಾಹ್ನದಿಂದ ನಾಲ್ಕು ಜನಾನೂ ಕುರ್ಚಿ ಬಿಟ್ಟು ಎದ್ದಿಲ್ಲ. ಹಳೇದೇ ಹಾಕ್ಕೊಡು, ಈಗಲೇ ಒತ್ತಿಬಿಡ್ತೀನಿ.”

ಗಂಟೆ ಐದಕ್ಕೆ ಐದು ನಿಮಿಷ. ಹೆಂಡತಿಯ ಫೋನು: “ಬ್ಯಾಗ್ ರೆಡಿ ರೀ! ನಿಮ್ಮ ಟೋಪಿ ಎಲ್ಲಿ?” ಹಿಂದೆಮುಂದೆ ನೋಡದೆ ಹಳೆಯದನ್ನೇ ಹಾಕಿಕೊಟ್ಟ.

ಮುಖ್ಯಸ್ಥೆ ಮುಖವರಳಿಸಿ ‘ಒಪ್ಪಿದೆ’ ಒತ್ತಿದರು. ಮತ್ತೆ ಒತ್ತಿದರು. ಪರದೆ ಮಿಸುಕಾಡಲಿಲ್ಲ.

“ಅಬ್ಬಾ, ನಿಂತೇಬಿಡ್ತು!” ನಾಲ್ಕು ಕುರ್ಚಿಗಳು ಒಟ್ಟಿಗೆ ಹಿಂದೆ ಸರಿದವು. “ಬಾರಪ್ಪ, ಟೀ ಕುಡಿಯೋಣ. ಬಂದು ಒತ್ತಿದ್ರಾಯ್ತು.”

ಗೋಡೆಯ ಗಡಿಯಾರ ಐದು ಹೊಡೆಯಿತು. ಮ್ಯಾನೇಜರರ ಕರೆಗೆ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು.

“ನನಗೆ ಸಕ್ಕರೆ ಸ್ವಲ್ಪ ಜಾಸ್ತಿ ಅಕ್ಕಾ,” ಎಂದ ಪ್ರೋಗ್ರಾಮರ್.